ಪರದೆಯ ಆಚೆ ಮೂರು ಬಾಯಿ

ಇದು ನಿಜವಾಗಿ ನಡೆದದ್ದು. ಸುಳ್ಳು ಅನ್ನುವವರಿಗೆ ಸಾಕ್ಷಿ ಒದಗಿಸೋಣವೆಂದರೆ, ಎಲ್ಲವನ್ನೂ ಹತ್ತಿರದಿಂದ ಕಂಡದ್ದು ಒಂದು ಬಾತುಕೋಳಿ. ಅದನ್ನು ನಾವು ಅಂದೇ ಸಾಯಂಕಾಲ ಶುಂಠಿ ಹಾಕಿ ಸಾರು ಮಾಡಿ ಕುಡಿದುಬಿಟ್ಟೆವು. ಆದ್ದರಿಂದ ನನ್ನ ಮಾತನ್ನೇ ನಂಬಬೇಕು. ಬದುಕಿದ್ದರೂ ಅದು ಹೆಚ್ಚೇನು ಹೇಳುತ್ತಿರಲಿಲ್ಲ. ಅಂದು ಅದು ಬಾಯಿ ಬಿಟ್ಟದ್ದೇ ಒಂದು ಸಲ, ಅದೂ ಬಾಯಿ ಬಿಡಬಾರದ ಹೊತ್ತಿನಲ್ಲಿ.

ಹುವಾಯ್ ನದಿಯ ದಂಡೆಯ ನಮ್ಮ ಊರಿನಲ್ಲಿ ಸರ್ಕಾರದ ದೊಡ್ಡ ಕಣಜವಿತ್ತು. ಕಣಜದ ಹಿಂದಿನ ಕೋಣೆಯೇ ಲೆಕ್ಕದ ಶಾಲೆ. ಮುಂದೆ ಕಣಜದ ಗುಮಾಸ್ತರಾಗಬೇಕಾದ ನಾವೆಲ್ಲ ಅಲ್ಲಿ ಲುವಾನ್ ಗುರುಗಳ ಎದುರು ಮಂಡಿಯೂರಿ ಕೂತು ಲೆಕ್ಕ ಕಲಿಯುತ್ತಿದ್ದೆವು. ಗುರುಗಳು ಸಣಕಲು ಆಸಾಮಿ. ಗಡ್ಡದಲ್ಲಿ ಕೂದಲು ಎಷ್ಟು ವಿರಳವೆಂದರೆ ಅದನ್ನೂ ಅವರು ಎಣಿಸಿಯೇ ಬಿಟ್ಟುಕೊಂಡಿದ್ದಾರೆ ಎಂದು ನಮ್ಮ ಷೆನ್ ಹೇಳುತ್ತಿದ್ದ. ಅವರ ಆಸ್ತಿಯೆಂದರೆ ಒಂದು ಚಾಪೆ, ಒಂದು ತೊಗಲಿನ ಚೀಲ, ಚೀಲದ ತುಂಬ ಮೂಳೆಯಲ್ಲಿ ಕೊರೆದ ಲೆಕ್ಕದ ಕಡ್ಡಿಗಳು. ಅರ್ಧ ಕೆಂಪು, ಅರ್ಧ ಕಪ್ಪು. ಇದ್ದದ್ದಕ್ಕೆ ಕೆಂಪು ಕಡ್ಡಿ, ಕೊರತೆಗೆ ಕಪ್ಪು ಕಡ್ಡಿ. ಕೆಂಪೂ ಕಪ್ಪೂ ಎದುರಾದರೆ ಎರಡೂ ಒಂದನ್ನೊಂದು ತಿಂದುಹಾಕಿದ ಹಾಗೆ. ಎರಡನ್ನೂ ಎತ್ತಿ ಚೀಲಕ್ಕೆ ಹಾಕುವುದು. ಏನೂ ಇಲ್ಲದ ಕಡೆ ಕಡ್ಡಿಯೂ ಇಲ್ಲ, ಬರೀ ಚಾಪೆ.

ಊರಿನವರೆಲ್ಲ ಕಡ್ಡಿಯನ್ನು ಗುಡ್ಡ ಮಾಡುತ್ತಾರೆ. ನಮ್ಮ ಗುರುಗಳು ಗುಡ್ಡವನ್ನು ಕಡ್ಡಿ ಮಾಡುವವರು. ಎಂಥ ಜಗಳ ತಂದರೂ ಅದನ್ನು ಚಾಪೆಯ ಮೇಲೆ ನಾಲ್ಕು ಸಾಲಿಗೆ ಇಳಿಸಿಬಿಡುತ್ತಿದ್ದರು. ಗೊತ್ತಿಲ್ಲದ್ದನ್ನು ಕಂಡು ಹೆದರಬಾರದು, ಗೊತ್ತಿರುವುದರ ಪಕ್ಕ ಕೂರಿಸಿ ಸುಮ್ಮನೆ ಕಾದರೆ ಅದು ತಾನಾಗಿ ಹೆಸರು ಹೇಳುತ್ತದೆ ಎನ್ನುವುದು ಅವರ ಪಾಠ. ಗೊತ್ತಿಲ್ಲದ್ದು ಒಂದಿದ್ದರೆ ಒಂದು ಸುದ್ದಿ ಸಾಕು, ಎರಡಿದ್ದರೆ ಎರಡು, ಮೂರಿದ್ದರೆ ಮೂರು. ಒಂದೊಂದು ಸುದ್ದಿಗೆ ಒಂದೊಂದು ಕಡ್ಡಿಸಾಲು. ಒಂದು ಸಾಲಿನಿಂದ ಇನ್ನೊಂದನ್ನು ಕಳೆಯುತ್ತ, ಕೂಡುತ್ತ ಹೋದರೆ ಕೊನೆಗೆ ಒಂದು ಸಾಲಿನಲ್ಲಿ ಗೊತ್ತಿಲ್ಲದ್ದು ಒಂದೇ ಉಳಿಯುತ್ತದೆ. ಒಂಟಿಯಾಗಿ ಸಿಕ್ಕವನು ಬಾಯಿ ಬಿಡದೆ ಎಲ್ಲಿಗೆ ಹೋಗುತ್ತಾನೆ?

ಇನ್ನೊಂದು ಪದ್ಧತಿಯೂ ಅವರಿಗಿತ್ತು. ಸಂತೆಯ ದಿನ ಹಿಂದಿನ ಓಣಿಯಿಂದ ಜನ ಬಂದು ಕಿಟಕಿಯಲ್ಲಿ ಲೆಕ್ಕ ಕೇಳುತ್ತಿದ್ದರು. ಆ ಕಿಟಕಿಗೆ ಗುರುಗಳು ಬಿದಿರಿನ ಪರದೆ ಇಳಿಬಿಟ್ಟಿದ್ದರು, ಅದನ್ನು ಒಮ್ಮೆಯೂ ಎತ್ತಿದವರಲ್ಲ. ಮುಖ ಕಂಡರೆ ಮನಸ್ಸು ಕರಗುತ್ತದೆ, ಅಳುವವನ ಕಡೆಗೆ ಒಂದು ಕಡ್ಡಿ ಹೆಚ್ಚು ಬಿದ್ದುಬಿಡುತ್ತದೆ. ಕಿವಿಗೆ ಬಿದ್ದದ್ದಷ್ಟೇ ಲೆಕ್ಕಕ್ಕೆ ಎನ್ನುತ್ತಿದ್ದರು. ಒಳ್ಳೆಯ ಪದ್ಧತಿಯೇ. ಆದರೆ ಷೆನ್‌ನಂಥವನು ಹುಟ್ಟಿರುವ ಊರಿನಲ್ಲಿ ಕಿವಿಯನ್ನು ಅಷ್ಟು ನಂಬಬಾರದಿತ್ತು.

ಷೆನ್‌ನ ಗಂಟಲು ಬಾಡಿಗೆ ಮನೆ ಇದ್ದ ಹಾಗೆ. ಯಾರು ಬೇಕಾದರೂ ಅಲ್ಲಿ ಬಂದು ಇದ್ದು ಹೋಗಬಹುದು. ಕಣಜದ ಅಧಿಕಾರಿ ಕೆಮ್ಮಿದ ಹಾಗೆ ಕೆಮ್ಮಿ ಕಾವಲುಗಾರರನ್ನು ಎದ್ದು ನಿಲ್ಲಿಸುತ್ತಿದ್ದ. ಗುರುಗಳ ಧ್ವನಿಯಲ್ಲಿ ಅಡುಗೆಮನೆಗೆ ಹೇಳಿ ನಮಗೆಲ್ಲ ಬಿಸಿ ರೊಟ್ಟಿ ತರಿಸಿದ್ದ. ಒಂದು ಸಲ ಗುರುಗಳ ಹೆಂಡತಿಯ ಧ್ವನಿಯಲ್ಲಿ ಗುರುಗಳನ್ನೇ ಊಟಕ್ಕೆ ಕರೆದದ್ದೂ ಉಂಟು. ಅವರು ಎದ್ದು ಹೋಗಿ, ಅಡುಗೆ ಆಗಿಲ್ಲವೆಂದು ಬೈಸಿಕೊಂಡು ಬಂದರು.

ಈ ಷೆನ್‌ನ ಪ್ರಾಣಸ್ನೇಹಿತ ಪಿಂಗ್. ಕಥೆ ಪಿಂಗ್‌ನದೇ.

ಪಿಂಗ್‌ಗೆ ಹೆಣ್ಣುಮಗು ಹುಟ್ಟಿತ್ತು. ಅವನ ಊರು ನದಿಯ ಮೇಲ್ಗಡೆ, ದೋಣಿಯಲ್ಲಿ ಒಂದು ಹಗಲು ಒಂದು ರಾತ್ರಿಯ ಹಾದಿ. ಮಗುವಿಗೆ ಮೂರು ತಿಂಗಳು ತುಂಬಿದ ದಿನ ಅಪ್ಪ ಅದರ ಬಲಗೈ ಹಿಡಿದು ಹೆಸರು ಹೇಳಬೇಕು. ಅಪ್ಪನಿಲ್ಲದಿದ್ದರೆ ಮನೆಯ ಹಿರಿಯ. ಪಿಂಗ್‌ನ ಮನೆಯಲ್ಲಿ ಹಿರಿಯನೆಂದರೆ ಅವನ ದೊಡ್ಡಪ್ಪ. ಒಳ್ಳೆಯ ಮನುಷ್ಯ, ಆದರೆ ತರಕಾರಿ ಬೆಳೆಗಾರ. ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಅವನೇ ಹೆಸರಿಟ್ಟಿದ್ದ. ಮೊದಲನೆಯವಳು ಮೂಲಂಗಿ, ಎರಡನೆಯವಳು ಸೋರೆಕಾಯಿ. ಈ ಸಲ ಬೆಳ್ಳುಳ್ಳಿ ಫಸಲು ಚೆನ್ನಾಗಿ ಬಂದಿದೆಯೆಂದು ಊರಿನಿಂದ ಬಂದ ದೋಣಿಯವನು ಹೇಳಿದಾಗ ಪಿಂಗ್‌ನ ಮುಖ ಸುಣ್ಣದ ಹಾಗಾಯಿತು. ಅವನ ಮನಸ್ಸಿನಲ್ಲಿ ಬೇರೆ ಹೆಸರಿತ್ತು. ನಮಗೂ ಹೇಳಿರಲಿಲ್ಲ, ಮೊದಲು ಕೇಳಬೇಕಾದವಳು ಮಗಳು ಎನ್ನುತ್ತಿದ್ದ.

ಆದರೆ ವರ್ಷದ ಕೊನೆಯ ಕಣಜದ ಅಳತೆ ಹತ್ತಿರ ಬಂದಿತ್ತು. ಆ ತಿಂಗಳು ಯಾರಿಗೂ ರಜೆಯಿಲ್ಲ. ಪಿಂಗ್ ಗುರುಗಳ ಕಾಲಿಗೆ ಬಿದ್ದು ಕೇಳಿದ. ಗುರುಗಳು ಅವನನ್ನು ಎಬ್ಬಿಸಿ ಕೂರಿಸಿ, ಮಗುವಿಗೆ ಶುಭ ಹಾರೈಸಿ, ರಜೆ ಕೊಡುವುದಕ್ಕೆ ಒಂದೇ ದಾರಿ ಇದೆ, ಅದು ಎಲ್ಲರಿಗೂ ಗೊತ್ತಿದೆ ಎಂದರು.

ಅದು ನಮಗೆ ಗೊತ್ತಿತ್ತು. ಶಾಲೆಗೆ ಸೇರಿದ ದಿನವೇ ಪ್ರತಿಯೊಬ್ಬನಿಗೂ ಅವರು ರಾಗವಾಗಿ ಹೇಳುತ್ತಿದ್ದ ಮಾತು: ನನ್ನ ಚಾಪೆಯನ್ನು ಸೋಲಿಸುವ ಲೆಕ್ಕ ತಂದವನು ಅದೇ ಗಳಿಗೆಯಲ್ಲಿ ಮನೆಗೆ ಹೋಗಬಹುದು, ದಾರಿಯ ಬುತ್ತಿ ನನ್ನದು. ಆ ಬುತ್ತಿಯನ್ನು ಇವತ್ತಿನವರೆಗೆ ಒಬ್ಬನೂ ಉಂಡಿರಲಿಲ್ಲ.

ಆ ಸಾಯಂಕಾಲ ನಾವು ಮೂವರು ಬಾವಿಕಟ್ಟೆಯ ಮೇಲೆ ಕೂತಿದ್ದೆವು. ಷೆನ್ ಗುರುಗಳ ಧ್ವನಿಯಲ್ಲಿ ಪಿಂಗ್‌ಗೆ ಸಮಾಧಾನ ಹೇಳುತ್ತಿದ್ದ: ಬೆಳ್ಳುಳ್ಳಿಯೂ ಒಳ್ಳೆಯದೇ ಮಗೂ, ವಾಯುವಿಗೆ. ಪಿಂಗ್ ನಗಲಿಲ್ಲ. ಅವನು ನೆಲದ ಮೇಲೆ ಹುಲ್ಲುಕಡ್ಡಿ ಜೋಡಿಸುತ್ತ, ಹೋದ ತಿಂಗಳು ತನ್ನ ಕಡ್ಡಿಗಳೆಲ್ಲ ಮಾಯವಾಗಿದ್ದವಲ್ಲ, ಅದು ನೆನಪಿದೆಯೇ ಎಂದು ಕೇಳಿದ.

ನೆನಪಿರದೆ ಏನು. ಪಿಂಗ್ ಗೋಧಿ, ನವಣೆ, ಅವರೆಯ ಮೇಲೆ ತಾನೇ ಒಂದು ಲೆಕ್ಕ ಕಟ್ಟಿ ಚಾಪೆಯ ಮೇಲೆ ಹಾಕಿಕೊಂಡಿದ್ದ. ಕಳೆದು ಕೂಡಿ ನೋಡುವಷ್ಟರಲ್ಲಿ ಮೂರನೆಯ ಸಾಲೇ ಖಾಲಿ. ಒಂದು ಕಡ್ಡಿಯೂ ಇಲ್ಲ. ಗುರುಗಳಿಗೆ ಹೇಳಿದರೆ ಅವರು ತಮ್ಮ ಕೆಲಸದಿಂದ ತಲೆಯನ್ನೂ ಎತ್ತದೆ, ಕಡ್ಡಿ ಎಲ್ಲೋ ಬೀಳಿಸಿದ್ದೀಯ, ಚಾಪೆಯ ಕೆಳಗೆ ನೋಡು ಎಂದಿದ್ದರು. ಪಿಂಗ್ ಕತ್ತಲಾಗುವವರೆಗೆ ಹುಡುಕಿದ. ಸಿಕ್ಕಿದ್ದು ಒಂದು ಒಣಗಿದ ಜೀರುಂಡೆ.

ಕಡ್ಡಿ ಬಿದ್ದೇ ಇರಲಿಲ್ಲ ಎಂದ ಪಿಂಗ್ ಈಗ. ತಾನು ಕಟ್ಟಿದ ಮೂರನೆಯ ಸುದ್ದಿ ಸುದ್ದಿಯೇ ಆಗಿರಲಿಲ್ಲ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಏನು ಬರುತ್ತದೋ ಅದನ್ನೇ ಗೊತ್ತಿಲ್ಲದೆ ಹೊಸದೆಂದು ಬರೆದಿದ್ದ. ಹೊಸ ಅಂಗಿ ತೊಟ್ಟ ಹಳೆಯ ನೆಂಟ. ಅಂಥವನನ್ನು ಚಾಪೆಯ ಮೇಲೆ ಕೂರಿಸಿದರೆ, ಕೆಂಪು ಕಪ್ಪನ್ನು ತಿಂದು, ಕಪ್ಪು ಕೆಂಪನ್ನು ತಿಂದು, ಕೊನೆಗೆ ಖಾಲಿ.

ಷೆನ್ ಆ ಹುಲ್ಲುಕಡ್ಡಿಗಳನ್ನು ಒಂದೊಂದಾಗಿ ಎಣಿಸಿದ. ಅವನು ತಾನಾಗಿ ಎಣಿಸತೊಡಗಿದನೆಂದರೆ ಊರಿಗೆ ಏನೋ ಕಾದಿದೆ ಎಂದೇ ಅರ್ಥ. ಆಮೇಲೆ, ಒಬ್ಬನೇ ಮೂರೂ ಸುದ್ದಿ ಹೇಳಿದರೆ ಗುರುಗಳು ಹಿಡಿದುಬಿಡುತ್ತಾರೆ ಎಂದ. ಮೂರು ಜನ ಹೇಳಿದರೆ?

ನಾನು ಆ ಮೂರು ಜನ ಯಾರೆಂದು ಕೇಳಿದೆ. ಮುದುಕಿಯೊಬ್ಬಳು ನನಗೆ ಉತ್ತರ ಕೊಟ್ಟಳು: "ನಾನು ಕಣಪ್ಪಾ." ತಿರುಗಿ ನೋಡಿದರೆ ಷೆನ್.

ಮಾರನೆಯ ದಿನ ಸಂತೆ. ಪಿಂಗ್‌ನ ಊರಿನ ಕಡೆಗೆ ಹೋಗುವ ದೋಣಿ ಅಂದೇ. ಅದು ತಪ್ಪಿದರೆ ಹೆಸರಿಡುವ ದಿನಕ್ಕೆ ತಲುಪುವ ಹಾಗಿರಲಿಲ್ಲ. ಕಣಜದ ಮಾಡಿನ ನೆರಳು ಬಾವಿಕಟ್ಟೆ ಮುಟ್ಟುವ ಹೊತ್ತಿಗೆ ದೋಣಿಯವನು ಹಗ್ಗ ಬಿಚ್ಚುತ್ತಾನೆ. ಬೆಳಿಗ್ಗೆ ಷೆನ್ ಹೊಟ್ಟೆ ಹಿಡಿದುಕೊಂಡು, ನಿಜವಾದ ಹೊಟ್ಟೆನೋವಿಗಿಂತ ಚೆನ್ನಾಗಿ ನರಳಿ, ಗುರುಗಳಿಂದ ಅಪ್ಪಣೆ ಪಡೆದು ಹೊರಗೆ ಹೋದ. ಹೋಗುವಾಗ ಹಿತ್ತಿಲಿನಲ್ಲಿ ಗುರುಪತ್ನಿಯವರನ್ನು ಕಂಡು, ಪರದೆಯಾಚೆ ಹಕ್ಕಿಯ ಸದ್ದಿಗಿರಲೆಂದು, ಒಂದು ಬಾತು ಕಡ ಕೇಳಿದನಂತೆ. ಯಾಕೆಂದು ಅವರು ಕೇಳಲಿಲ್ಲ. ಗುರುಗಳನ್ನು ಊಟಕ್ಕೆ ಕರೆದ ಧ್ವನಿ ಯಾರದೆಂದು ಅವರಿಗೆ ಮೊದಲೇ ಗೊತ್ತಿತ್ತು. ಇದೂ ಅಂಥದೇ ಏನೋ ಎಂದು ದಪ್ಪನೆಯ ಬಾತೊಂದನ್ನು ಆರಿಸಿ ಕೊಟ್ಟರು.

ನಾವು ಒಳಗೆ ಮಂಡಿಯೂರಿ ಕೂತೆವು. ಪಿಂಗ್ ಬಟ್ಟೆಗಂಟನ್ನು ಬಾಗಿಲಿನ ಹಿಂದೆ ಇಟ್ಟಿದ್ದ. ಗುರುಗಳು ಕಿಟಕಿಗೆ ಬೆನ್ನು ಹಾಕಿ, ಚಾಪೆ ಹಾಸಿ, ಚೀಲ ಬಿಚ್ಚಿದರು. ಆಚೆ ಕೆಮ್ಮು ಕೇಳಿಸಿತು.

"ಒಳಗಿದ್ದೀಯೇನಪ್ಪಾ ಲೆಕ್ಕದಯ್ಯಾ? ನಾನು ಕೆಳದಂಡೆ ಮುದುಕಿ. ನನ್ ಜತೆಗೆ ಇನ್ನಿಬ್ರವ್ರೆ. ದೋಣಿಯೋನು ಹಕ್ಕಿಗಿಷ್ಟು ತೂಕ ಅಂತ ಹೇಳು, ಆಮೇಲೆ ದೋಣಿ ಹತ್ತು ಅಂತವ್ನೆ. ನಾವು ತೂಗ್ಸಿರಾದು ಒಟ್ಟೊಟ್ಟಿಗೆ. ತಕ್ಕಡಿಯೋನು ಊಟಕ್ಕೆ ಹೋದ."

ಗುರುಗಳು ತಲೆಯಾಡಿಸಿದರು. ತಕ್ಕಡಿಯವನ ಊಟ ಸಾಯಂಕಾಲದವರೆಗೆ ನಡೆಯುವುದು ಊರಿಗೇ ಗೊತ್ತಿದ್ದ ವಿಷಯ. ಒಬ್ಬೊಬ್ಬರಾಗಿ ತಮ್ಮ ತಮ್ಮ ಸುದ್ದಿ ಹೇಳಲಿ ಎಂದರು.

"ಎರಡು ಹೆಬ್ಬಾತು, ಒಂದು ಬಾತು. ಮೂರನ್ನೂ ಒಂದೇ ಕುಕ್ಕೆಗೆ ತುರುಕಿ ತೂಗ್ಸಿದೆ, ಮೂವತ್ತೆರಡು ಜಿನ್ ಬಂತು. ತುರುಕ್ವಾಗ ನನ್ ಕೈ ಕಚ್ಚಿಬುಡ್ತು, ಅದ್ನೂ ಹಾಕ್ಕೋ."

"ಕಚ್ಚಿದ್ದು ಲೆಕ್ಕಕ್ಕಿಲ್ಲ ಅಜ್ಜಿ" ಎಂದು ಗುರುಗಳು ಮೃದುವಾಗಿ ಹೇಳಿ ಕೆಂಪು ಕಡ್ಡಿಗಳನ್ನು ಬಲಗಡೆ ಒಂದು ಸಾಲಾಗಿ ಇಟ್ಟರು. ಮೇಲೆ ಹೆಬ್ಬಾತು ಎರಡು, ಕೆಳಗೆ ಬಾತು ಒಂದು, ಕೋಳಿಯ ಜಾಗ ಖಾಲಿ, ತಳದಲ್ಲಿ ತೂಕ ಮೂವತ್ತೆರಡು.

ಎರಡನೆಯವನು ಬೆಟ್ಟದ ಕಡೆಯ ರೈತ. ಪಾಪ, ಅವನಿಗೆ ವಿಪರೀತ ನೆಗಡಿ. "ಡಬಸ್ಕಾರ ಗುರುಗಳೇ. ಡಂದು ಒಂದು ಬಾತು, ಬೂರು ಕೋಳಿ. ಒಟ್ಟು ಇಪ್ಪತ್ತಾರು ಜಿಡ್." ಒಂದು ಸಲ ಸೀನಿದ. ಗುರುಗಳು ಶುಂಠಿ ಕಷಾಯ ಕುಡಿಯಲು ಹೇಳಿ, ನಡುವೆ ಎರಡನೆಯ ಸಾಲು ಇಟ್ಟರು: ಬಾತು ಒಂದು, ಕೋಳಿ ಮೂರು, ತಳದಲ್ಲಿ ಇಪ್ಪತ್ತಾರು. ನನ್ನ ಪಕ್ಕದಲ್ಲಿ ಪಿಂಗ್ ತೋಳಿನೊಳಗೆ ಮುಖ ಹುದುಗಿಸಿಕೊಂಡಿದ್ದ. ನಗುವೋ ಭಯವೋ ತಿಳಿಯಲಿಲ್ಲ.

ಮೂರನೆಯವನು ಬಂದಾಗ ಓಣಿಯೇ ಅಗಲವಾದ ಹಾಗಾಯಿತು, ಅಷ್ಟು ಗತ್ತು ಆ ಧ್ವನಿಯಲ್ಲಿ. "ನಾವು ಬಡಗಣ ಕಡೆಯ ವ್ಯಾಪಾರಸ್ಥರ್ರೀ ಗುರುಗಳ. ಬಾತಿನ ಸಂಗ್ತಿ ನಮಗ ಬ್ಯಾಡ. ತಕ್ಕಡಿ ಒಂದ್ ತಟ್ಟ್ಯಾಗ ಎರಡು ಹೆಬ್ಬಾತು ಕುಂದ್ರಿಸಿದ್ವಿ, ಇನ್ನೊಂದ್ರಾಗ ಮೂರು ಕೋಳಿ. ಹೆಬ್ಬಾತಿನ ಕಡೆ ಆರು ಜಿನ್ ಜಾಸ್ತಿ ಬಿತ್ತು ನೋಡ್ರಿ."

ಗುರುಗಳ ಮುಖ ಅರಳಿತು. ಕೊರತೆ ಬಂದರೆ ಅವರಿಗೆ ಹಬ್ಬ. ಕಪ್ಪು ಕಡ್ಡಿ ಹಿಡಿಯುವ ಭಾಗ್ಯ ದಿನವೂ ಸಿಗುವುದಿಲ್ಲ. ಎಡಗಡೆ ಮೂರನೆಯ ಸಾಲು ಇಟ್ಟರು: ಹೆಬ್ಬಾತು ಎರಡು ಕೆಂಪು, ಕೋಳಿ ಮೂರು ಕಪ್ಪು, ತಳದಲ್ಲಿ ಆರು ಕೆಂಪು. ನಮ್ಮ ಕಡೆ ತಿರುಗಿ, ನೋಡಿ, ಮೂರು ಬಾಯಿ, ಮೂರು ಸುದ್ದಿ, ಗೊತ್ತಿಲ್ಲದ್ದು ಮೂರು, ಇದಕ್ಕಿಂತ ಸಲೀಸಾದ ಲೆಕ್ಕ ಇನ್ನೇನಿದೆ ಎಂದರು. ಚಾಪೆಯ ಮೇಲೆ ಹೆಬ್ಬಾತುಗಳೆಲ್ಲ ಒಂದೇ ತೂಕ ಎಂಬುದು ನಮ್ಮ ಶಾಲೆಯ ನಿಯಮ. ಹೊರಗಿನ ಹೆಬ್ಬಾತುಗಳಿಗೆ ಇದು ಗೊತ್ತಿಲ್ಲ.

ಆಗ ಪಿಂಗ್ ಬಾಯಿ ತೆರೆದ. ಈ ಲೆಕ್ಕ ತಾನು ಕರೆತಂದದ್ದು, ಚಾಪೆ ಇದಕ್ಕೆ ಸೋತರೆ ತಾನು ಊರಿಗೆ ಹೋಗಬಹುದೇ ಎಂದು ಕೇಳಿದ. ಗುರುಗಳು ಅನುಕಂಪದಿಂದ ನೋಡಿ, "ಹೋಗಪ್ಪಾ, ಧಾರಾಳವಾಗಿ ಹೋಗು. ಆದರೆ ಬುತ್ತಿ ಕಟ್ಟೋಕೆ ಈಗಲೇ ಹೇಳಬೇಡ, ಅಕ್ಕಿ ದಂಡ" ಎಂದರು.

ಅಂಗಳದಲ್ಲಿ ನೆರಳು ಬಾವಿಕಟ್ಟೆಯಿಂದ ಒಂದು ಮಾರು ದೂರದಲ್ಲಿತ್ತು.

ಗುರುಗಳ ಬೆರಳು ಓಡತೊಡಗಿತು. ಮೂರನೆಯ ಸಾಲಿನಿಂದ ಮೊದಲನೆಯದನ್ನು ಕಳೆದರು. ಎರಡು ಹೆಬ್ಬಾತು ಎರಡಕ್ಕೆ ಹೋಯಿತು. ಬಾತು ಇರಲೇ ಇಲ್ಲ, ಅದರಲ್ಲೂ ಒಂದು ಕಳೆಯಬೇಕು. ಒಂದು ಕಪ್ಪು ಕಡ್ಡಿ ಬಂತು. ಕೋಳಿ ಮೂರು ಕಪ್ಪು ಹಾಗೇ ಉಳಿಯಿತು. ಆರರಲ್ಲಿ ಮೂವತ್ತೆರಡು ಹೋದರೆ ಇಪ್ಪತ್ತಾರು ಕೊರತೆ. ಸಾಲು ಪೂರ್ತಿ ಕಪ್ಪಾಯಿತು. ನಡುವಿನ ಸಾಲಿನಷ್ಟೇ ಕಡ್ಡಿಗಳನ್ನು ಚೀಲದಿಂದ ತೆಗೆದು ಇದಕ್ಕೆ ಕೂಡಬೇಕೆಂದರು. ಕೆಂಪು ಬಾತು ಬಂತು, ಕಪ್ಪು ಬಾತನ್ನು ಕರೆದುಕೊಂಡು ಹೋಯಿತು. ಮೂರು ಕೆಂಪು ಕೋಳಿ ಬಂದವು, ಮೂರು ಕಪ್ಪು ಕೋಳಿ ಹೊರಟವು. ಕೆಂಪು ಇಪ್ಪತ್ತಾರು ಬಂತು, ಕಪ್ಪು ಇಪ್ಪತ್ತಾರು ಎದ್ದಿತು. ಎತ್ತಿದ್ದನ್ನೆಲ್ಲ ಅವರ ಕೈ ಅಭ್ಯಾಸಬಲದಿಂದ ಚೀಲಕ್ಕೆ ಹಾಕಿತು.

ಎಡಗಡೆ ಬರೀ ಚಾಪೆ.

ಗುರುಗಳು ಆ ಖಾಲಿ ಜಾಗವನ್ನು ನೋಡಿದರು. ಚೀಲವನ್ನು ನೋಡಿದರು. ಮತ್ತೆ ಚಾಪೆಯನ್ನು ನೋಡಿ, ನಾನು ಯಾವಾಗ ಎತ್ತಿದೆ ಎಂದು ತಮ್ಮನ್ನೇ ಕೇಳಿಕೊಂಡರು. ಪರದೆಯ ಆಚೆಗೆ ಕೂಗಿ ಮೂವರಿಂದಲೂ ಸುದ್ದಿಯನ್ನು ಇನ್ನೊಮ್ಮೆ ಹೇಳಿಸಿದರು. ಮುದುಕಿ ಈ ಸಲ ಕಚ್ಚಿದ್ದನ್ನು ಇನ್ನಷ್ಟು ವಿವರವಾಗಿ ಹೇಳಿದಳು. ಕಡ್ಡಿಗಳನ್ನು ಇನ್ನೊಮ್ಮೆ ಇಟ್ಟರು, ಈ ಸಲ ನಿಧಾನವಾಗಿ, ಒಂದೊಂದಕ್ಕೂ ಹೆಸರು ಹೇಳಿ. ಮತ್ತೆ ಖಾಲಿ.

ಆಮೇಲೆ ನಡೆದದ್ದನ್ನು ನೋಡಲು ನಾನು ಪುಣ್ಯ ಮಾಡಿದ್ದೆ. ಗುರುಗಳು ಎದ್ದು ನಮ್ಮ ಅಂಗಿಯ ಅಗಲ ತೋಳುಗಳನ್ನು ಕೊಡವಿಸಿದರು. ನನ್ನ ತೋಳಿನಿಂದ ಅರ್ಧ ರೊಟ್ಟಿ ಬಿತ್ತು. ಅದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತಮ್ಮ ತೋಳು ಕೊಡವಿದರು. ತಾವು ಕೂತಿದ್ದ ದಿಂಬನ್ನು ಎತ್ತಿ ನೋಡಿದರು. ಕೊನೆಗೆ ಮಂಡಿಯೂರಿ, ಗಡ್ಡವನ್ನು ಒಂದು ಕೈಯಲ್ಲಿ ಹಿಡಿದು, ಚಾಪೆಯ ಅಂಚನ್ನು ಎತ್ತಿ ಕೆಳಗೆ ಇಣುಕಿದರು. ಪಿಂಗ್ ನನ್ನ ಕೈ ಹಿಂಡಿದ. ಗುರುಗಳು ಇಣುಕಿದವರು ಸ್ವಲ್ಪ ಹೊತ್ತು ಹಾಗೇ ಇದ್ದರು. ಅಲ್ಲಿ ಏನೂ ಇರಲಿಲ್ಲ. ಜೀರುಂಡೆಯನ್ನು ಪಿಂಗ್ ಹೋದ ತಿಂಗಳೇ ತೆಗೆದಿದ್ದ.

ಚೀಲವನ್ನು ಸುರಿದು ಎಣಿಸಿದರು. ಎಲ್ಲ ಕಡ್ಡಿಯೂ ಇತ್ತು.

ನೆರಳು ಬಾವಿಕಟ್ಟೆಯ ಹತ್ತಿರ ಬಂದಿತ್ತು. ನದಿಯ ಕಡೆಯಿಂದ ದೋಣಿಯವನ ಕೊಂಬು ಮೊದಲನೆಯ ಸಲ ಕೇಳಿಸಿತು. ಪಿಂಗ್ ಬಾಗಿಲಿನ ಹಿಂದಿನ ಗಂಟನ್ನು ನೋಡುತ್ತಿದ್ದ.

ಗುರುಗಳು ಪರದೆಯ ಕಡೆ ತಿರುಗಿ ಕೂತರು. ಯಾರೋ ಸುದ್ದಿಯನ್ನು ತಪ್ಪು ಹೇಳಿರಬೇಕು, ಒಬ್ಬೊಬ್ಬರನ್ನೇ ಕೇಳುತ್ತ ಕೂತರೆ ಹೊತ್ತು ಹೋಗುತ್ತದೆ, ಮೂವರೂ ಒಟ್ಟಿಗೆ ಹೇಳಿ, ನನ್ನ ಕಿವಿಗೆ ಬೇರೆ ಬೇರೆ ಮಾಡಿಕೊಳ್ಳುವುದು ಗೊತ್ತು ಎಂದರು.

ಆಚೆ ಓಣಿಯಲ್ಲಿ ಮುದುಕಿ ಕೆಮ್ಮಿದಳು, ಆಮೇಲೆ ರೈತ ಸೀನಿದ.

"ಹೇಳಿ, ಹೇಳಿ. ಒಟ್ಟಿಗೆ."

ಷೆನ್‌ನ ಜೀವನದಲ್ಲಿ ಅಂಥ ಕಷ್ಟ ಹಿಂದೆಂದೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಆದರೂ ಅವನು ಕೈಬಿಡಲಿಲ್ಲ. "ಎರಡು ಹೆಬ್ಬಾತು ಕಣಪ್ಪಾ... ಒಂದು ಬಾತು, ಬೂರು... ಕುಂದ್ರಿಸಿದ್ವಿ ನೋಡ್ರಿ... ಬೂವತ್ತೆರಡು ಜಿಡ್ ಕಣ್ರೀ ಅಜ್ಜಿ..." ಮುದುಕಿಗೆ ನೆಗಡಿ ಹತ್ತಿತು. ರೈತ ವ್ಯಾಪಾರಕ್ಕೆ ಇಳಿದ. ವ್ಯಾಪಾರಿ ತನ್ನನ್ನೇ ಅಜ್ಜಿ ಎಂದು ಕರೆದುಕೊಂಡ. ಈ ಮೂವರ ಗದ್ದಲ ತಾಳಲಾರದೆ, ಅಷ್ಟು ಹೊತ್ತು ಕಂಕುಳಲ್ಲಿ ಮರ್ಯಾದೆಯಿಂದ ಕೂತಿದ್ದ ಬಾತು ಕ್ವಾಕ್ ಎಂದಿತು.

ಗುರುಗಳು ಎದ್ದರು. ಯಾರೂ ಎತ್ತದಿದ್ದ ಆ ಪರದೆಯನ್ನು ಕೈಯಲ್ಲಿ ಹಿಡಿದು ಎತ್ತಿದರು. ಅದರ ಮೇಲೆ ಕೂತಿದ್ದ ಧೂಳು ಅವರ ಗಡ್ಡಕ್ಕೆ ಬಿತ್ತು.

ಓಣಿಯಲ್ಲಿ ಮುದುಕಿಯಿಲ್ಲ, ರೈತನಿಲ್ಲ, ಬಡಗಣ ವ್ಯಾಪಾರಿಯಿಲ್ಲ. ಷೆನ್ ನಿಂತಿದ್ದ, ಬಾಯಿ ಇನ್ನೂ ತೆರೆದೇ ಇತ್ತು. ಕಂಕುಳಲ್ಲಿ ಗುರುಗಳ ಸ್ವಂತ ಬಾತು.

"ಏನಪ್ಪಾ, ಹೊಟ್ಟೆನೋವು ಹೇಗಿದೆ?" ಎಂದು ಗುರುಗಳು ಕೇಳಿದರು.

"ಈಗ ಶುರುವಾಯ್ತು ಗುರುಗಳೇ" ಎಂದ ಷೆನ್. ಈ ಸಲ ಅವನ ಧ್ವನಿ ಅವನದೇ.

"ಇಲ್ಲಿ ಮೂರು ಬಾಯಿ ಇತ್ತಲ್ಲ."

"ಇರ್ಲಿಲ್ಲ ಗುರುಗಳೇ. ಎರಡೇ. ನಂದೊಂದು, ಬಾತಿಂದೊಂದು."

ಎರಡೇ ಎಂಬ ಮಾತು ಗುರುಗಳ ಕಿವಿಯಲ್ಲಿ ಸಿಕ್ಕಿಕೊಂಡಿತು. ಪರದೆಯನ್ನು ಕೈಯಲ್ಲಿ ಹಿಡಿದುಕೊಂಡೇ ತಿರುಗಿ ಚಾಪೆಯನ್ನು ನೋಡಿದರು. ಬಲಗಡೆ ಒಂದು ಸಾಲು, ನಡುವೆ ಒಂದು ಸಾಲು. ಎರಡೇ. ಪರದೆ ಅವರ ಕೈಯಿಂದ ಜಾರಿ ಷೆನ್‌ನ ಮೂಗಿನ ಮೇಲೆ ಬಿತ್ತು. ಅವರು ಬಂದು ಚಾಪೆಯ ಎದುರು ಕುಕ್ಕರಿಸಿ, ಎರಡೂ ಸಾಲುಗಳಲ್ಲಿದ್ದ ಬಾತಿನ ಕಡ್ಡಿಗಳನ್ನು ಎರಡು ಬೆರಳಿನಿಂದ ಮುಚ್ಚಿದರು.

ಮುದುಕಿಯ ಹತ್ತಿರ ಒಂದು ಬಾತು, ರೈತನ ಹತ್ತಿರ ಒಂದು ಬಾತು ಎಂದು ಗೊಣಗಿದರು. ಎರಡು ಕಡೆಯಿಂದಲೂ ಬಾತು ಹಾರಿಹೋಗಲಿ. ಉಳಿದದ್ದೇನು? ಅಲ್ಲಿ ಎರಡು ಹೆಬ್ಬಾತು, ಇಲ್ಲಿ ಮೂರು ಕೋಳಿ. ಮೂವತ್ತೆರಡಕ್ಕೂ ಇಪ್ಪತ್ತಾರಕ್ಕೂ ಎಷ್ಟು ವ್ಯತ್ಯಾಸ? ಆರು. ವ್ಯಾಪಾರಿ ಹೇಳಿದ್ದೂ ಅದೇ. ಮುದುಕಿ, ರೈತ ಇಬ್ಬರೂ ಮೊದಲೇ ಹೇಳಿಬಿಟ್ಟಿದ್ದನ್ನು ಅವನು ಬಡಗಣ ಭಾಷೆಯಲ್ಲಿ ಹೇಳಿದ, ಅಷ್ಟೇ. ಅವನು ಅಲ್ಲಿ ಇರಲಿಲ್ಲ. ಅವನ ಸುದ್ದಿಯೂ ಇರಲಿಲ್ಲ.

ಅವರ ಬೆರಳುಗಳಿಗೆ ಮತ್ತೆ ಜೀವ ಬಂತು. ಹಾಗಾದರೆ ಹೆಬ್ಬಾತು ಹನ್ನೆರಡು ಜಿನ್ ಇರಬಹುದು, ಬಾತು ಎಂಟು, ಕೋಳಿ ಆರು. ಸರಿಹೋಗುತ್ತದೆ. ಹೆಬ್ಬಾತು ಒಂಬತ್ತಿದ್ದರೆ ಬಾತು ಹದಿನಾಲ್ಕು, ಕೋಳಿ ನಾಲ್ಕು. ಅದೂ ಸರಿಹೋಗುತ್ತದೆ, ಆದರೆ ಆ ಬಾತನ್ನು ಹೊರಲು ಇಬ್ಬರು ಬೇಕು. ಹೆಬ್ಬಾತು ಹದಿನೈದಾದರೆ ಕೋಳಿ ಎಂಟು, ಬಾತು ಎರಡೇ ಜಿನ್. ಕೋಳಿಯೇ ಬಾತನ್ನು ಎತ್ತಿ ಆಡಿಸಬಹುದು. ಒಂದು ಉತ್ತರ ಸಿಕ್ಕುವಷ್ಟರಲ್ಲಿ ಇನ್ನೊಂದು. ಮೊದಲ ಸಲ ಕಡ್ಡಿ ಹಿಡಿದವನ ಹಾಗೆ ಗುರುಗಳು ಇಡುತ್ತ, ತೆಗೆಯುತ್ತ, ಮತ್ತೆ ಇಡುತ್ತ ಹೋದರು.

ಕೊಂಬು ಎರಡನೆಯ ಸಲ ಕೇಳಿಸಿತು. ನಾನು ಧೈರ್ಯ ಮಾಡಿ, ಹಾಗಾದರೆ ಚಾಪೆ ಸೋತ ಹಾಗೆಯೇ ಎಂದು ಕೇಳಿದೆ.

"ಸೋಲೋದೆಲ್ಲಿಂದ ಬಂತು?" ಎಂದರು ಗುರುಗಳು, ತಲೆಯೆತ್ತದೆ. "ಚಾಪೆ ನಿಜ ಹೇಳ್ತಾ ಇದೆ. ನೀವು ತಂದದ್ದು ಎರಡೇ ಸುದ್ದಿ, ಹಾಗಾಗಿ ಎರಡೇ ಸಾಲು ಅಂತ. ಖಾಲಿ ಬಿಟ್ಟದ್ದೇ ಅದರ ಉತ್ತರ. ಸೋತಿಲ್ಲ, ಒಂದು ಕಡ್ಡಿಯಷ್ಟೂ ಸೋತಿಲ್ಲ."

ನ್ಯಾಯವಾಗಿ ನೋಡಿದರೆ ಅವರ ಮಾತು ಸರಿ. ಪಿಂಗ್‌ಗೂ ಅದು ಗೊತ್ತಿತ್ತು. ವಾದ ಮಾಡುವುದು ಅವನ ಜಾಯಮಾನದಲ್ಲಿರಲಿಲ್ಲ. ಅವನು ಗಂಟನ್ನು ಎತ್ತಿಕೊಳ್ಳಲಿಲ್ಲ. ಅದರ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತು, ಬಂದು ತನ್ನ ಜಾಗದಲ್ಲಿ ಕೂತ. ಒಳಗೆ ಬಂದಿದ್ದ ಷೆನ್ ಬಾತನ್ನು ನನ್ನ ತೊಡೆಯ ಮೇಲೆ ಇಟ್ಟು ತಲೆ ತಗ್ಗಿಸಿದ. ನನ್ನ ಕಣ್ಣೆದುರು ಒಂದು ಪುಟ್ಟ ಬೆಳ್ಳುಳ್ಳಿ ಕೈಕಾಲು ಆಡಿಸಿತು.

ಆಮೇಲೆ ಪಿಂಗ್ ಮೆಲ್ಲಗೆ ಒಂದು ಮಾತು ಕೇಳಿದ. ಅದರಲ್ಲಿ ಕೊಂಕು ಇರಲಿಲ್ಲ; ತಿಳಿಯುವ ಆಸೆಯಷ್ಟೇ.

"ಗುರುಗಳೇ, ಹಾಗಾದ್ರೆ ಹೋದ ತಿಂಗಳು ನನ್ನ ಸಾಲು ಖಾಲಿಯಾಯ್ತಲ್ಲ, ಅದೂ ಉತ್ತರವೇನಾ? ನಾನು ಕಡ್ಡಿ ಬೀಳಿಸಿರ್ಲಿಲ್ವಾ?"

ಗುರುಗಳ ಕೈ ನಿಂತಿತು.

"ನಾನೇನಂದಿದ್ದೆ ಆಗ?"

"ಚಾಪೆಯ ಕೆಳಗೆ ನೋಡು ಅಂದ್ರಿ."

"ನೋಡಿದ್ಯಾ?"

"ಕತ್ತಲಾಗೋವರ್ಗೂ ನೋಡ್ದೆ. ಒಂದು ಜೀರುಂಡೆ ಸಿಕ್ತು."

ಗುರುಗಳು ಪಿಂಗ್‌ನನ್ನು ನೋಡಿದರು. ತಾವು ಎತ್ತಿ ಮಡಚಿದ್ದ ಚಾಪೆಯ ಅಂಚು ಇನ್ನೂ ಹಾಗೇ ಮಡಚಿಕೊಂಡಿತ್ತು, ಅದನ್ನು ನೋಡಿದರು. ತಮ್ಮ ಮಂಡಿಗೆ ಮೆತ್ತಿದ್ದ ಧೂಳನ್ನು, ನೆಲದ ಮೇಲಿದ್ದ ದಿಂಬನ್ನು, ನನ್ನ ಅರ್ಧ ರೊಟ್ಟಿಯನ್ನು ನೋಡಿದರು. ಅವರ ಹೊಟ್ಟೆಯೊಳಗೆ ಎಲ್ಲೋ ಒಂದು ಸದ್ದು ಹುಟ್ಟಿತು. ಕೆಮ್ಮು ಎಂದುಕೊಂಡೆವು.

"ನನಗೆ ಜೀರುಂಡೆಯೂ ಸಿಗಲಿಲ್ಲ" ಎಂದರು.

ಅಷ್ಟು ಹೇಳಿದ್ದೇ, ಸದ್ದು ಕಟ್ಟೆಯೊಡೆದು ಹೊರಬಂತು. ಗುರುಗಳು ನಕ್ಕರು. ಮೊದಲು ಹಲ್ಲು ಕಚ್ಚಿ, ಆಮೇಲೆ ಬಾಯಿ ತೆರೆದು, ಆಮೇಲೆ ಚಾಪೆಯ ಮೇಲೆ ಅಂಗೈ ಬಡಿಯುತ್ತ. ಕಡ್ಡಿಗಳು ಹಾರಿ ಹಾರಿ ಬಿದ್ದವು, ಹೆಬ್ಬಾತಿನ ಜಾಗಕ್ಕೆ ಕೋಳಿ, ಕೋಳಿಯ ಜಾಗಕ್ಕೆ ಬಾತು. ನಾವು ಮೊದಲು ಹೆದರಿ, ಆಮೇಲೆ ತಡೆಯಲಾರದೆ ನಕ್ಕೆವು. ಆದರೆ ನಮ್ಮ ಮೂವರ ನಗುವನ್ನು ಕೂಡಿದರೂ ಅವರದ್ದಕ್ಕೆ ಸಮ ಬರಲಿಲ್ಲ. ಸದ್ದು ಕೇಳಿ ಗುರುಪತ್ನಿಯವರು ಓಡಿ ಬಂದು, ಏನಾಯ್ತ್ರೀ ಎಂದರು. ಗುರುಗಳಿಗೆ ಮಾತಾಡಲಾಗಲಿಲ್ಲ, ಚಾಪೆಯ ಕೆಳಗೆ ಬೆರಳು ತೋರಿಸಿದರು. ಅವರೂ ಪಾಪ ಬಗ್ಗಿ ಇಣುಕಿದರು. ಅದನ್ನು ಕಂಡು ಗುರುಗಳು ಅಂಗಾತ ಬಿದ್ದರು.

ಬಿದ್ದಲ್ಲಿಂದಲೇ, ಉಸಿರು ಸಿಕ್ಕಾಗ ಸಿಕ್ಕಾಗ, ಅವರು ತೀರ್ಪು ಕೊಟ್ಟರು.

"ಚಾಪೆ ಸೋತಿಲ್ಲ ಕಣೋ. ಚಾಪೆ ಮೇಲೆ ಕೂತೋನು ಸೋತ. ನಡಿ, ಓಡು, ದೋಣಿ ಹೋಗತ್ತೆ. ಏನೇ, ಅವನಿಗೆ ಬುತ್ತಿ ಕೊಡೇ."

ಬುತ್ತಿ ಕಟ್ಟುವಷ್ಟು ಹೊತ್ತಿರಲಿಲ್ಲ. ಗುರುಪತ್ನಿಯವರು ಒಲೆಯ ಮೇಲಿದ್ದ ನವಣೆ ಕಡುಬನ್ನು ಹಾಗೇ ಬಟ್ಟೆಯಲ್ಲಿ ಸುತ್ತಿ ಪಿಂಗ್‌ನ ಎದೆಗೆ ಒತ್ತಿದರು. ಅವನು ಸುಡುವ ಕಡುಬನ್ನು ಆ ಕೈಯಿಂದ ಈ ಕೈಗೆ ಹಾರಿಸುತ್ತ, ಗಂಟನ್ನು ಹಲ್ಲಿನಲ್ಲಿ ಕಚ್ಚಿ ಓಡಿದ. ನೆರಳು ಬಾವಿಕಟ್ಟೆ ಹತ್ತಿ ಆಗಿತ್ತು. ಷೆನ್ ಕಣಜದ ಗೋಡೆ ಏರಿ, ಅಧಿಕಾರಿಯ ಧ್ವನಿಯಲ್ಲಿ, ಸರ್ಕಾರದ ಕೆಲಸ, ದೋಣಿ ನಿಲ್ಲಲಿ ಎಂದು ನದಿಯ ಕಡೆಗೆ ಕೂಗಿದ. ದೋಣಿ ನಿಂತಿತು.

ಪಿಂಗ್ ಹೊಸ ವರ್ಷಕ್ಕೆ ವಾಪಸು ಬಂದಾಗ ಹೇಳಿದ: ದೊಡ್ಡಪ್ಪ ಬೆಳ್ಳುಳ್ಳಿಯ ಗೆಡ್ಡೆಯನ್ನು ಕೈಯಲ್ಲಿ ಹಿಡಿದು ತೊಟ್ಟಿಲಿನ ಪಕ್ಕದಲ್ಲೇ ನಿಂತಿದ್ದನಂತೆ, ಇವನು ನುಗ್ಗಿ ಮಗಳ ಕೈ ಹಿಡಿದನಂತೆ. ಹೆಸರೇನೆಂದು ಕೊನೆಗೂ ಹೇಳಿದ, ಆದರೆ ಅದು ಅವಳ ಸ್ವತ್ತು, ಇಲ್ಲಿ ಬೇಡ. ತರಕಾರಿಯಲ್ಲ, ಅಷ್ಟು ಸಾಕು.

ಅವನು ಇನ್ನೊಂದು ಸಂಗತಿಯನ್ನೂ ಹೇಳಿದ. ಅಂದು ದೋಣಿ ದಡ ಬಿಟ್ಟು ನಡುನೀರಿಗೆ ಬಂದರೂ ಕಣಜದ ಕಡೆಯಿಂದ ಒಂದು ಸದ್ದು ಬರುತ್ತಲೇ ಇತ್ತಂತೆ. ದೋಣಿಯವನು ಹುಟ್ಟು ನಿಲ್ಲಿಸಿ ಕಿವಿಗೊಟ್ಟು, ಕಣಜಕ್ಕೆ ಕತ್ತೆ ನುಗ್ಗಿದೆಯೋ ಹೇಗೆ ಎಂದು ಕೇಳಿದನಂತೆ. ಕತ್ತೆಯಲ್ಲ, ನಮ್ಮ ಗುರುಗಳು ಎಂದು ಪಿಂಗ್ ಹೇಳಿದರೆ ಅವನು ನಂಬಲಿಲ್ಲ.

ನಾವು ಈ ಮಾತನ್ನು ಲುವಾನ್ ಗುರುಗಳಿಗೆ ತಿಳಿಸಿದೆವು. ಷೆನ್ ಮೊದಲು ದೋಣಿಯವನ ಧ್ವನಿಯಲ್ಲಿ ಹೇಳಿದ, ಆಮೇಲೆ ಕತ್ತೆಯ ಧ್ವನಿಯಲ್ಲಿ. ಗುರುಗಳು ಕಡ್ಡಿ ಕೆಳಗಿಟ್ಟರು, ಗಡ್ಡ ಹಿಡಿದುಕೊಂಡರು, ಮತ್ತೆ ಅದೇ ಸದ್ದು ಶುರುವಾಯಿತು. ಕಣಜದ ಮಾಡಿನ ಮೇಲಿದ್ದ ಗುಬ್ಬಿಗಳೆಲ್ಲ ಒಂದೇ ಸಲಕ್ಕೆ ಎದ್ದು ಹಾರಿಹೋದವು.